ಮರಳು ಹಿಡಿಯಲು ಕಲಿತದ್ದು, ಬಿಡಲು ಕಲಿತದ್ದು

ಕಡಲಿನ ನೀರಿಗೆ ಆಗಿನ್ನೂ ಉಪ್ಪು ಹೊಸದು. ಬೆಟ್ಟದಿಂದ ಹೊಳೆಯ ಜೊತೆ ಉರುಳಿ ಬಂದ ಮರಳಿಗೆ ದಂಡೆಯೂ ಹೊಸದು. ಒಂದು ಕಣಕ್ಕೆ ಇನ್ನೊಂದರ ಗುರುತಿರಲಿಲ್ಲ. ಗಾಳಿ ಕರೆದತ್ತ ಓಡುವುದು, ಜಾರುವುದು, ಮತ್ತೆ ಓಡುವುದು. ಅಷ್ಟೇ ಕೆಲಸ.

ಒಂದು ಬೆಳಿಗ್ಗೆ ಆಮೆಯಮ್ಮ ದಂಡೆಗೆ ಬಂದಳು. ಅವಳ ಹೊಟ್ಟೆ ತುಂಬ ಮೊಟ್ಟೆ. ಹಿಂಗಾಲಿನಿಂದ ಗುಂಡಿ ತೋಡಿದಳು. ಮರಳು ಜಾರಿ ಗುಂಡಿ ಮುಚ್ಚಿತು. ಮತ್ತೆ ತೋಡಿದಳು. ಮತ್ತೆ ಮುಚ್ಚಿತು. ಗುಂಡಿ ನಿಲ್ಲದಿದ್ದರೆ ಮೊಟ್ಟೆಗಳು ಬಿಸಿಲಿಗೆ ಬೆಂದುಹೋಗುತ್ತಿದ್ದವು.

"ಒಬ್ಬರನ್ನೊಬ್ಬರು ಸ್ವಲ್ಪ ಹಿಡಿದುಕೊಳ್ಳಿ ಮಕ್ಕಳೇ," ಎಂದಳು.

ಚೂಪಿ ಎಂಬ ಚೂಪು ಮೂಲೆಯ ಕಣ ನಕ್ಕಿತು. "ಹಿಡಿಯೋಕೆ ನಮಗೆ ಕೈ ಎಲ್ಲಿದೆ ಆಮೆಯಮ್ಮ? ನಾವು ಕಲ್ಲಿನ ಚೂರು."

ಗಾಳಿಯೂ ಗೇಲಿ ಮಾಡಿತು. ಮೊಟ್ಟೆಗಳನ್ನು ಬೆನ್ನ ಮೇಲಿಟ್ಟುಕೊಂಡು ಈಜುತ್ತ ಹೋಗು ಎಂದಿತು.

ಆಮೆಯಮ್ಮನಿಗೆ ತೋಡುವ ಶಕ್ತಿ ಉಳಿದಿರಲಿಲ್ಲ. ಅಲ್ಲೇ ಮಲಗಿಬಿಟ್ಟಳು. ಅವಳ ಭಾರಕ್ಕೆ ಕೆಳಗಿನ ಕಣಗಳು ಮೊದಲ ಸಲ ಅಲ್ಲಾಡದೆ ಕುಳಿತವು.

ಚೂಪಿಯ ಮೂಲೆ ಪಕ್ಕದ ಕಣಕ್ಕೆ ತಾಗಿಕೊಂಡಿತ್ತು. ತಾಗಿದ ಆ ಚುಕ್ಕೆಯಲ್ಲಿ ಯಾವ ಕಣ್ಣಿಗೂ ಕಾಣದಷ್ಟು ಚಿಕ್ಕ ಅಣುಗಳಿದ್ದವು. ಸುಮ್ಮನಿದ್ದು ಇದ್ದು, ಈ ಕಡೆಯ ಅಣುವೊಂದು ಆ ಕಡೆಯ ಅಣುವಿನ ಕೈ ಹಿಡಿಯಿತು. ಆಮೇಲೆ ಇನ್ನೊಂದು. ಹೊತ್ತು ಕಳೆದಂತೆ ಮತ್ತೊಂದು.

ಮಧ್ಯಾಹ್ನ ದಾಟಿದ ಮೇಲೆ ಆಮೆಯಮ್ಮ ಎದ್ದು ಮೆಲ್ಲಗೆ ತೋಡಿದಳು. ಗುಂಡಿಯ ಗೋಡೆ ನಿಂತಿತು.

ಮೊಟ್ಟೆಯಿಟ್ಟು, ಮರಳು ಮುಚ್ಚಿ, ಹೊಟ್ಟೆಯಿಂದ ತಟ್ಟಿ ತಟ್ಟಿ ಒತ್ತಿದಳು. ಆಗ ಗಾಳಿ ಕೇಳಿತು, "ಇವರು ಹೀಗೇ ಬಿಗಿಯಾಗಿ ಹಿಡಿದುಕೊಂಡರೆ ನಿನ್ನ ಮರಿಗಳು ಹೊರಗೆ ಬರೋದು ಹೇಗೆ?"

ಆಮೆಯಮ್ಮ ತಟ್ಟುವುದನ್ನು ನಿಲ್ಲಿಸಿದಳು. ಅವಳು ಕಡಲಿಗೆ ಮರಳಲೇಬೇಕಿತ್ತು.

"ನೀನು ಹೋಗು," ಎಂದಿತು ಚೂಪಿ. ಈಗ ಅದು ನಗುತ್ತಿರಲಿಲ್ಲ. "ಸುಮ್ಮನಿರುವಷ್ಟು ದಿನ ನಮ್ಮ ಹಿಡಿತ. ಒಳಗಿಂದ ಯಾರಾದರೂ ಅಲುಗಾಡಿದರೆ ಬಿಟ್ಟುಬಿಡ್ತೀವಿ."

ಚೂಪಿ ಕದಲಲಿಲ್ಲ. ಗಾಳಿ ಎಷ್ಟು ಕರೆದರೂ ಓಡಲಿಲ್ಲ. ಐವತ್ತನೆಯ ದಿನ ಕೆಳಗಿನಿಂದ ಯಾರೋ ಕಚಗುಳಿ ಇಟ್ಟಂತಾಯಿತು. ಒಂದು ಮರಿ ಒದ್ದಾಗ ಮರಳು ಜಗ್ಗಲಿಲ್ಲ. ಎಲ್ಲ ಮರಿಗಳೂ ಸೇರಿ ಒದ್ದವು. ಅಣುಗಳು ಹಿಡಿದ ಕೈ ಬಿಟ್ಟವು. ಕಣಗಳು ಮರಿಗಳ ಕಾಲ ಸಂದಿಯಲ್ಲಿ ಜಾರಿ ಇಳಿದು ಕೆಳಗೆ ಮೆಟ್ಟಿಲಾದವು. ಮರಿಗಳು ಹತ್ತಿ ಹತ್ತಿ ಬೆಳಕಿಗೆ ಬಂದು, ಅಮ್ಮ ಹೋದ ಕಡೆಗೇ ಓಡಿದವು.

ಅದಕ್ಕೇ ನೋಡು ಮಗು, ಮನೆ ಕಟ್ಟುವವರು ನಿಮ್ಮ ಬೀದಿಯಲ್ಲಿ ಸುರಿದ ಮರಳು, ಹುಟ್ಟಿದ ಬೆಟ್ಟದಿಂದ ಇಷ್ಟು ದೂರ ಬಂದರೂ, ಮುಟ್ಟದೆ ಬಿಟ್ಟರೆ ಗುಡ್ಡವಾಗಿ ನಿಲ್ಲುತ್ತದೆ. ನಿನ್ನ ಪುಟ್ಟ ಬೆರಳು ಕದಲಿಸಿದರೆ ನೀರಿನ ಹಾಗೆ ಹರಿದು ದಾರಿ ಬಿಡುತ್ತದೆ.