ಎರಡನೆಯ ಸ್ವರ

ಶಿಷ್ಯನು ಕೇಳಿದನು: “ಗುರುಗಳೇ, ಕ್ರಿಸ್ತನು ಎದ್ದಿದ್ದಾನೆಂದು ವರ್ಷವರ್ಷವೂ ಸಾರುತ್ತೇವೆ. ಲೋಕ ಮಾತ್ರ ಹಾಗೆಯೇ ಇದೆ. ಸತ್ತವರು ಮಣ್ಣಿನಲ್ಲಿದ್ದಾರೆ, ಅಗಲಿದವರು ದೂರದಲ್ಲಿದ್ದಾರೆ. ಎಲ್ಲವೂ ಒಂದು ದಿನ ಸರಿಹೋಗುವುದೆಂದು ಹಾಡುವುದು ನಮಗೆ ನಾವೇ ಮಾಡಿಕೊಳ್ಳುವ ಮೋಸವಲ್ಲವೇ?”

ಗುರುಗಳು ಹೇಳಿದರು:

ಕಡಲ ಬದಿಯ ಊರೊಂದರಲ್ಲಿ ಹಂಚಿನ ಕಾರ್ಖಾನೆ ಇತ್ತು. ಅಲ್ಲಿ ದುಡಿಯುವವರದೇ ಒಂದು ಕ್ರೈಸ್ತ ಸಭೆ. ಅವರು ಗೀತೆಗಳನ್ನು ನಾಲ್ಕು ಸ್ವರಗಳಲ್ಲಿ ಹಾಡುತ್ತಿದ್ದರು. ಮೊದಲನೆಯ ಸ್ವರ ರಾಗವನ್ನು ನಡೆಸುತ್ತದೆ. ಉಳಿದ ಮೂರು ಅದರ ಕೆಳಗೆ ಬೇರೆ ಬೇರೆ ದಾರಿಗಳಲ್ಲಿ ನಡೆಯುತ್ತವೆ. ನಾಲ್ಕೂ ಕೂಡಿದರೆ ಹಾಡು ತುಂಬುತ್ತದೆ. ಸಂಜೆ ಕೆಲಸ ಬಿಟ್ಟವರು ಕೈಯ ಕೆಮ್ಮಣ್ಣು ತೊಳೆದು ನೇರವಾಗಿ ಅಭ್ಯಾಸಕ್ಕೆ ಬರುತ್ತಿದ್ದರು. ದಾರಿಹೋಕರು ಬೇಲಿಯ ಬಳಿ ನಿಂತು ಕೇಳುತ್ತಿದ್ದರು. ಅಂಥ ಕಾಲ ಅದು.

ಆ ಗಾಯಕರಲ್ಲಿ ಲುವೀಸಮ್ಮ ಎಂಬವಳದು ಎರಡನೆಯ ಸ್ವರ. ರಾಗ ಹಾಡುವವಳು ಅವಳ ಗೆಳತಿ ಮಾರ್ಥ. ಎಲ್ಲಕ್ಕಿಂತ ಕೆಳಗಿನ ಸ್ವರ ಲುವೀಸಮ್ಮನ ಗಂಡನದು.

ಕಾರ್ಖಾನೆ ಮುಚ್ಚಿತು. ಮಾರ್ಥ ಮಗಳ ಊರಿಗೆ ಹೋದಳು. ಮೂರನೆಯ ಸ್ವರದವನು ಮುಂಬಯಿಗೆ ಹೋದನು. ಗಂಡನು ಸಮಾಧಿಗೆ ಹೋದನು. ಹಾಡುವವರಲ್ಲಿ ಲುವೀಸಮ್ಮ ಒಬ್ಬಳೇ ಉಳಿದಳು. ಅವಳು ಪ್ರತಿ ಭಾನುವಾರವೂ ತನ್ನ ಎರಡನೆಯ ಸ್ವರವನ್ನೇ ಹಾಡಿದಳು.

ಒಂಟಿಯಾಗಿ ಕೇಳಿದರೆ ಅದು ಹಾಡೆನಿಸುವುದಿಲ್ಲ. ಹೊಸ ಪೀಳಿಗೆಯವರಿಗೆ ನಾಲ್ಕು ಸ್ವರಗಳ ನೆನಪೇ ಇರಲಿಲ್ಲ. “ಲುವೀಸಜ್ಜಿ, ನಿಮ್ಮ ಹಾಡು ಇವತ್ತು ಯಾವ ಊರಿಗೆ ಹೊರಟಿತ್ತು?” ಎಂದು ಅವರು ನಗುತ್ತಿದ್ದರು.

ಆ ಸಭೆಗೆ ಹೊಸ ಸಭಾಪಾಲಕರು ಬಂದರು. ಅವರು ಕಠಿಣರಲ್ಲ. ಪುನರುತ್ಥಾನದ ಹಬ್ಬ ಹತ್ತಿರವಾದಾಗ ಅವಳನ್ನು ಕರೆದು ಹೇಳಿದರು: “ಅಮ್ಮಾ, ನೀವು ರಾಗವನ್ನೇ ಹಾಡಿರಿ. ಜನ ನಿಮ್ಮ ಹಿಂದೆ ಹಾಡಿಯಾರು.”

“ರಾಗ ನನಗೆ ಬರುತ್ತದೆ, ಅಯ್ಯನವರೇ. ಆದರೆ ಅದು ಮಾರ್ಥಳ ಜಾಗ. ನಾನೇ ಹೋಗಿ ಅಲ್ಲಿ ಕೂತುಬಿಟ್ಟರೆ, ಇನ್ನು ಯಾರೂ ಬರುವುದಿಲ್ಲ ಅಂತ ನಾನೇ ಹೇಳಿದ ಹಾಗಾಗುತ್ತದೆ.”

“ಅವರು ಬರುವುದಿಲ್ಲವಮ್ಮ.”

“‘ಬರುವುದಿಲ್ಲ’ ಅನ್ನುವುದನ್ನು ಹಾಡಲು ನನಗೆ ಬರುವುದಿಲ್ಲ.”

ಸಭಾಪಾಲಕರು ನಿಟ್ಟುಸಿರಿಟ್ಟು, ಹಾಗಾದರೆ ಹಬ್ಬದ ದಿನ ದಯವಿಟ್ಟು ಸುಮ್ಮನಿರಿ ಎಂದರು. ಅವಳು ಜೀವಮಾನದಲ್ಲಿ ಒಂದು ಹಬ್ಬದಲ್ಲಿಯೂ ಹಾಡದೆ ಇದ್ದವಳಲ್ಲ. ತಲೆಯಾಡಿಸಿ ಹೋದಳು.

ಹಬ್ಬದ ಮುಂಜಾನೆ ಸಭೆಯು ವಾಡಿಕೆಯಂತೆ ಸಮಾಧಿಗಳ ನಡುವೆ ಕೂಡಿತು. ಗೀತೆಯ ಮೊದಲ ಚರಣ ಮುಗಿಯುವವರೆಗೆ ಲುವೀಸಮ್ಮ ತುಟಿ ಬಿಗಿಹಿಡಿದು ನಿಂತಿದ್ದಳು. ಎರಡನೆಯ ಚರಣಕ್ಕೆ ಸುಮ್ಮನಿರಲು ಅವಳಿಂದ ಆಗಲಿಲ್ಲ. ಗಂಡನ ಸಮಾಧಿಯ ಪಕ್ಕದಲ್ಲಿ ತನ್ನ ಸ್ವರವನ್ನು ಎತ್ತಿದಳು. ಯಾರೋ ನಕ್ಕರು. ತಗ್ಗಿದ ದನಿಯಲ್ಲಿ ಗುನುಗುತ್ತಿದ್ದ ಸಭೆ ಹಾಡನ್ನೇ ಬಿಟ್ಟಿತು. ಅವಳ ಸ್ವರ ಕೇಳಿಸದಿರಲೆಂದು ಸಭಾಪಾಲಕರು ತಮ್ಮ ಗಂಟಲನ್ನು ಏರಿಸಿ ರಾಗವನ್ನು ಹಾಡಿದರು.

ಆಗ ಎರಡು ಸ್ವರಗಳೂ ಒಂದನ್ನೊಂದು ಸೇರಿದವು. ನಗುತ್ತಿದ್ದವರು ನಗು ನಿಲ್ಲಿಸಿದರು. ತಾವು ಮುಚ್ಚಲು ಹೊರಟ ಸ್ವರವೇ ತಮ್ಮನ್ನು ಹೊತ್ತು ನಡೆಸುತ್ತಿರುವುದು ಸಭಾಪಾಲಕರಿಗೆ ತಿಳಿಯಿತು. ಅವರು ಕಣ್ಣೀರನ್ನು ಒರೆಸಿಕೊಳ್ಳದೆ ಕೊನೆಯ ಚರಣದವರೆಗೂ ಹಾಡಿದರು.

ಗೀತೆ ಮುಗಿದ ಮೇಲೆ ಲುವೀಸಮ್ಮ ಅವರತ್ತ ಬಾಗಿ ಮೆಲ್ಲನೆ ಹೇಳಿದಳು: “ಇನ್ನು ಸ್ವಲ್ಪ ಸಣ್ಣ ದನಿಯಲ್ಲಿ ಹಾಡಿ, ಅಯ್ಯನವರೇ. ಬರುವವರು ಇನ್ನೂ ಇದ್ದಾರೆ, ಅವರ ಸ್ವರಕ್ಕೂ ಜಾಗವಿರಲಿ.”

ಗುರುಗಳು ಕಥೆಯನ್ನು ಅಲ್ಲಿಗೆ ನಿಲ್ಲಿಸಿದರು. ಶಿಷ್ಯನು ಸ್ವಲ್ಪ ಹೊತ್ತು ಕಾದು, ತಡೆಯಲಾರದೆ ಕೇಳಿದನು: “ಆಮೇಲೆ ಅವರು ಬಂದರೇ?”

“ನೋಡು, ಈಗ ನೀನೂ ಅವರ ದಾರಿ ಕಾಯುತ್ತಿದ್ದೀಯೆ” ಎಂದರು ಗುರುಗಳು.