ಒಲೆಯಿಲ್ಲದ ಮನೆ

ಮುರಿಗೆಯ್ಯಜ್ಜನ ಆಶ್ರಮ ಇದ್ದದ್ದು ಹೊಳೆಯ ದಂಡೆಯಲ್ಲಿ, ಹಳೆಯದೊಂದು ಮದ್ದಿನ ಗಿರಣಿಯ ಹಾಳಿನ ಪಕ್ಕ. ರಾಜರಿದ್ದ ಕಾಲಕ್ಕೆ ತೋಪಿಗೆ ತುಂಬುವ ಕರಿಮದ್ದನ್ನು ಅಲ್ಲೇ ಬೀಸುತ್ತಿದ್ದರಂತೆ. ಈಗ ಗೋಡೆಗಳ ಸಂದಿಯಲ್ಲಿ ಅತ್ತಿಯ ಗಿಡಗಳು ಬೇರು ಬಿಟ್ಟಿದ್ದವು.

ಒಂದು ದಿನ ಶಿಷ್ಯ ಅಡಿವೆಪ್ಪ ಬಂದು ಕಾಲಿಗೆ ಬಿದ್ದ.

"ಅಜ್ಜಾರ, ಮ್ಯಾಲಿನ ಊರಿನವರು ಮಠಾ ಕಟ್ಟಿಸಿಕೊಡ್ತೇವಿ, ಬಂದು ನಮ್ಮ ಹುಡುಗೂರಿಗೆ ದಾರಿ ತೋರಸ್ರಿ ಅಂತ ಕರದಾರ. ಅಪ್ಪಣಿ ಕೊಡ್ರಿ."

"ಏನ ಕಲಸ್ತಿ?"

"ಉಪವಾಸ, ಮೌನ, ಉಸಿರು ಹಿಡಿಯೋದು. ಬಿಗಿಯಾಗೇ ಕಲಸ್ತೇನ್ರಿ. ಸಡ್ಲ ಬಿಟ್ರ ಮಂದಿ ಕೈಗೆ ಸಿಗೂದಿಲ್ಲ."

ಅಡಿವೆಪ್ಪನಿಗೆ ಆ ಮಠದ ಆಸೆ ಬಹಳ ಇತ್ತು. ವರ್ಷಗಟ್ಟಲೆ ಅಜ್ಜನಿಗೆ ನೀರು ಹೊತ್ತವನು. ಇನ್ನು ತನಗೂ ಯಾರಾದರೂ ನೀರು ಹೊರಲಿ ಎಂದು ಅನ್ನಿಸಿದರೆ ತಪ್ಪೇನು?

ಅಜ್ಜ ಗಡ್ಡ ನೀವಿಕೊಂಡ.

"ಇಲ್ಲಿ ಮದ್ದು ಹೆಂಗ ಮಾಡತಿದ್ರು? ತಿಳಕೊಂಡ ಬಾ. ಆಮ್ಯಾಲ ಅಪ್ಪಣಿ ಮಾತು."

ಮಠಕ್ಕೂ ಮದ್ದಿಗೂ ಏನು ಸಂಬಂಧ ಎಂದು ಅಡಿವೆಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಆದರೆ ಕುತೂಹಲದ ಮನುಷ್ಯ. ಹಾಳಿಗೆ ಇಳಿದ.

ಬೀಸುವ ಕೋಣೆಯಲ್ಲಿ ದುಂಡನೆಯ ದೊಡ್ಡ ಕಲ್ಲು ಇನ್ನೂ ಇತ್ತು. ಅದನ್ನು ತಿರುಗಿಸಲು ಹೊಳೆಯ ನೀರು ತಂದ ಕಾಲುವೆಯ ಗುರುತೂ ಇತ್ತು. ಮದ್ದಿಗೆ ಪೆಟ್ಲುಪ್ಪು, ಗಂಧಕ, ಇದ್ದಿಲು ಬೇಕೆಂದು ಕೇಳಿ ಬಲ್ಲ. ಸಿಕ್ಕಿದ್ದು ಇದ್ದಿಲು ಮಾತ್ರ. ಅದನ್ನೇ ಕುಟ್ಟಿ, ಬೀಸಿ, ಮೈಯೆಲ್ಲ ಕರ್ರಗೆ ಮಾಡಿಕೊಂಡು ಪುಡಿ ತಂದು ತೋರಿಸಿದ.

ಅಜ್ಜ ಒಂದು ಚೊಂಬು ನೀರನ್ನು ಪುಡಿಯ ಮೇಲೆ ಸುರಿದ.

"ಅಯ್ಯ ಅಜ್ಜಾರ! ಎಲ್ಲಾ ರಾಡಿ ಆತು!"

"ಒಣಾ ಬೀಸಿದವ ಹೊಳ್ಳಿ ಮನಿಗೆ ಬರತಿದ್ದಿಲ್ಲ," ಎಂದ ಅಜ್ಜ. "ನಮ್ಮ ಮುತ್ತ್ಯಾ ಇಲ್ಲೇ ಬೀಸತಿದ್ದ. ತೋಯಿಸಿ ಬೀಸತಿದ್ದ, ಬರಿಗಾಲಿಲೆ ನಿಂತು, ಕಟಗಿ ಸಲಿಕಿ ಹಿಡದು. ಕಬ್ಬಿಣ ಕಲ್ಲಿಗೆ ತಾಕಿ ಒಂದು ಕಿಡಿ ಹಾರಿದ್ರ ಮುಗೀತು."

"ಹಂಗಾರ ತಿಳೀತ್ರೀ. ಹೋಗಲೇನ್ರೀ?"

"ಇನ್ನೂ ತಿಳದಿಲ್ಲ."

ಅಡಿವೆಪ್ಪ ಮತ್ತೆ ಹೋದ. ಕೋಣೆಯ ಮೂರು ಗೋಡೆಗಳು ಆನೆ ಗುದ್ದಿದರೂ ಅಲುಗದಷ್ಟು ದಪ್ಪ. ಹೊಳೆಯ ಕಡೆಯದು ಮಾತ್ರ ತೆಳ್ಳನೆಯ ಮಣ್ಣಿನ ಗೋಡೆ. ಅದೂ ಬಿದ್ದು ಬರೀ ಗುರುತು ಉಳಿದಿತ್ತು. ನಾಲ್ಕನೆಯ ಗೋಡೆಯ ಹೊತ್ತಿಗೆ ಕಟ್ಟುವ ಗೌಂಡಿಗಳಿಗೆ ಬೇಜಾರು ಬಂದಿರಬೇಕು ಎಂದುಕೊಂಡ. ಅಜ್ಜನಿಗೆ ಖುಷಿಯಾಗಲಿ ಎಂದು ಬೆವರು ಸುರಿಸಿ, ಕಲ್ಲು ಪೇರಿಸಿ, ಆ ಗೋಡೆಯನ್ನು ಎದೆಮಟ್ಟ ಎಬ್ಬಿಸಿದ.

ಅಜ್ಜ ಬಂದ. ನೋಡಿದ. ಒಂದೊಂದೇ ಕಲ್ಲು ಕಿತ್ತು ಹೊಳೆಯ ಕಡೆ ಎಸೆಯತೊಡಗಿದ.

ಅಡಿವೆಪ್ಪನಿಗೆ ಅಳುವೇ ಬಂತು. ಕಲ್ಲು ಹೋಗಿ ಬೀಳುವ ದಿಕ್ಕನ್ನು ನೋಡುತ್ತ ನಿಂತ. ನೋಡುತ್ತ ನೋಡುತ್ತ ಅವನ ಮುಖ ಅರಳಿತು.

"ಸಿಡಿದ್ರ ಹೊಳಿ ಕಡೆ ಸಿಡೀಲಿ ಅಂತ ಬೇಕಂತಲೇ ತೆಳ್ಳಗ ಇಟ್ಟಿದ್ರೇನ್ರೀ? ಬಾಜೂ ಕೋಣಿ ಮಂದಿ ಉಳೀಲಿ ಅಂತ?"

"ಹೌದು."

"ಎಂಥಾ ತಲಿ ರೀ ಅವರದು! ಈಗರೆ ತಿಳದಂಗ ಆತಲ್ರೀ?"

"ತೆಳು ಗ್ವಾಡಿ ಮುಂದ ಏನೈತಿ, ನೋಡಿ ಬಾ."

ಗೋಡೆಗೂ ಹೊಳೆಗೂ ನಡುವೆ ಒಂದು ಮನೆಯ ತಳಪಾಯ ಇತ್ತು. ಯಾರೋ ದಿಕ್ಕಿಲ್ಲದ ಆಳಿನದಿರಬೇಕು, ಸಿಡಿತದ ಬಾಯಿಗೆ ಇನ್ನಾರು ಮನೆ ಕಟ್ಟಿಯಾರು ಎಂದುಕೊಂಡು ಹುಲ್ಲು ಕಿತ್ತ. ಕೆಳಗೆ ನುಣ್ಣನೆಯ ಚಪ್ಪಡಿ. ಆಳಿನ ಮನೆಗೆ ಅಂಥ ಚಪ್ಪಡಿ ಎಲ್ಲಿಂದ ಬರಬೇಕು? ದೊಡ್ಡ ಪಡಸಾಲೆ, ಕೋಣೆಗಳು, ಬಚ್ಚಲು. ಪಡಸಾಲೆಯ ಕಲ್ಲಿನ ಮೇಲೆ ಯಾರೋ ಚೌಕಾಬಾರ ಆಟದ ಮನೆಗಳನ್ನು ಕೊರೆದಿದ್ದರು. ಗೆರೆಗಳು ಸವೆದಿದ್ದವು, ಮಕ್ಕಳು ಬಹಳ ಕಾಲ ಆಡಿರಬೇಕು.

ಒಲೆ ಮಾತ್ರ ಇಲ್ಲ. ಮೂಲೆಮೂಲೆ ಕೆದಕಿದ. ಬೂದಿಯಿಲ್ಲ, ಹೊಗೆ ಹಿಡಿದ ಕಲ್ಲಿಲ್ಲ.

ಓಡಿ ಬಂದ.

"ಅಜ್ಜಾರ, ಅದು ಯಾರ ಮನೀರೀ? ಹುಡುಗೂರು ಆಡಿದ ಗುರುತು ಐತಿ, ಅಡಗಿ ಮಾಡಿದ ಗುರುತಿಲ್ಲ!"

"ಗಿರಣಿ ಒಡಿಯಾಂದು."

"ಒಡಿಯಾಂದಾ?"

"ಹೆಂಡ್ತಿ ಮಕ್ಕಳ ಕೂಡ ಅಲ್ಲೇ ಇದ್ದ. ಕಿಡಿ ಬ್ಯಾಡಂತ ಒಲಿ ಹಚ್ಚಲಿಲ್ಲ. ಊರಿಂದ ಆಳುಗಳ ಬುತ್ತಿ ಬರತಿತ್ತು. ಅದರ ಕೂಡ ಅವರ ಮನಿ ಬುತ್ತೀನೂ ಬರತಿತ್ತು, ತಣ್ಣಂದು."

"ದೂರ ಕಟ್ಟಬಹುದಿತ್ತಲ್ರೀ? ಜಾಗಾ ಬೇಕಾದಷ್ಟೈತಿ."

"ಮೊದಲ ದೂರನ ಇದ್ದ. ಒಮ್ಮೆ ಸಿಡದು ಇಬ್ಬರು ಹ್ವಾದ್ರು. ಮರುದಿನ ಒಬ್ಬರೂ ಕೆಲಸಕ್ಕ ಬರಲಿಲ್ಲ. ಆಗ ಇಲ್ಲಿ ಬಂದು ಮನಿ ಕಟ್ಟಿದ." ಅಜ್ಜ ತಳಪಾಯದ ಕಡೆ ಕೈ ತೋರಿಸಿದ. "ಮುಂಜಾನಿ ಕಲ್ಲು ತಿರಗೂ ಮೊದಲ ಆ ಹುಡುಗೂರ ನಗಿ ಕಿವಿಗೆ ಬೀಳತಿತ್ತು ಅಂತ ನಮ್ಮ ಮುತ್ತ್ಯಾ ಹೇಳತಿದ್ದ. ಅದನ್ನ ಕೇಳಿ ಕಾಲುವಿ ನೀರು ಇನ್ನಷ್ಟು ಮೆಲ್ಲಗ ಬಿಡತಿದ್ನಂತ, ಕಲ್ಲು ಹಗೂರ ತಿರಗಲಿ ಅಂತ."

ಅಡಿವೆಪ್ಪನಿಗೆ ಆ ಮಕ್ಕಳನ್ನು ನೆನೆದು ಎದೆ ಭಾರವಾಯಿತು. ಆದರೂ ಮಠದ ಆಸೆ ಬಿಡಬೇಕಲ್ಲ.

"ಎಲ್ಲಾ ತಿಳೀತ್ರೀ ಅಜ್ಜಾರ. ಇನ್ನ ಅಪ್ಪಣಿ..."

"ಉಪವಾಸ ಕೂಡೂ ಹುಡುಗೂರು ಎಲ್ಲಿರತಾರ?"

"ಹೊಳಿ ದಂಡಿ ಗವಿಯೊಳಗ."

"ನೀ?"

"ನಾ ಮ್ಯಾಲ, ಮಾವಿನ ತೋಪಿನ್ಯಾಗ. ಅಡಗಿಗೆ ಒಬ್ಬಾಕಿನ್ನ ಗೊತ್ತು ಮಾಡ್ಯಾರ. ಅಷ್ಟು ಮಂದೀನ ನೋಡ್ಕೋಬೇಕಂದ್ರ ನನಗ ಶಕ್ತಿ ಬೇಕಲ್ರೀ."

ಹೇಳಿ ಮುಗಿಸಿದವನ ಕಣ್ಣು ಒಲೆಯಿಲ್ಲದ ಆ ಮನೆಯ ಕಡೆ ಹೊರಳಿತು. ಸಣ್ಣ ದನಿಯಲ್ಲಿ ಕೇಳಿದ.

"ನಾ ಯಾವಾಗ ಹೋಗಲ್ರೀ?"

ಅಜ್ಜ ಅವನ ಮಸಿ ಹತ್ತಿದ ಕೈಗಳನ್ನು ತನ್ನ ಕೈಯಲ್ಲಿ ಹಿಡಿದುಕೊಂಡ.

"ನಿನ್ನ ಒಲಿ ಆರಿಸಿದ ದಿನ ಹೋಗು, ತಮ್ಮಾ."