ಐವತ್ತಾರು ಪೆಟ್ಟು

ಶಿಷ್ಯನು ಕೇಳಿದನು: "ಗುರುಗಳೇ, ಪಾದ್ರಿಯಾದವನು ಊರಿಗೆಲ್ಲ ಸಾರಿದ ಮಾತು ತಪ್ಪೆಂದು ಆಮೇಲೆ ತಿಳಿದರೆ ಏನು ಮಾಡಬೇಕು? ಎಲ್ಲರೆದುರು ತಿದ್ದಿಕೊಂಡರೆ ಜನ ಮುಂದೆ ಅವನನ್ನು ನಂಬುವರೇ?"

"ದೀಕ್ಷೆಗೆ ಮೊದಲೇ ಮರ್ಯಾದೆಯ ಚಿಂತೆ ಹತ್ತಿತೋ ನಿನಗೆ? ಕೇಳು" ಎಂದು ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಪಾದ್ರಿ ಇದ್ದನು. ಯಾರಾದರೂ ಸತ್ತರೆ ಅವರ ವಯಸ್ಸಿನಷ್ಟು ಪೆಟ್ಟು ಚರ್ಚಿನ ಗಂಟೆ ಬಾರಿಸುವುದು ಅಲ್ಲಿಯ ವಾಡಿಕೆ. ಒಂದು ಮಧ್ಯಾಹ್ನ, ಹೊಳೆಯಲ್ಲಿ ದೋಣಿ ಮಗುಚಿ ಊರ ಬಡಗಿ ಮುಳುಗಿದನೆಂದು ಗಾಳಿಸುದ್ದಿ ಬಂತು. ಯಾವ ಸುದ್ದಿಯನ್ನೂ ಮೊದಲು ತಾನೇ ಹೇಳಬೇಕೆಂಬ ಚಪಲ ಆ ಪಾದ್ರಿಗೆ. ಹಿಂದೆ ಮುಂದೆ ನೋಡದೆ ಬಡಗಿಯ ಹೆಸರು ಸಾರಿ ಐವತ್ತಾರು ಪೆಟ್ಟು ಹೊಡೆಸಿದನು.

ಬಡಗಿ ಆ ದೋಣಿ ಹತ್ತಿರಲೇ ಇಲ್ಲ. ಸೇತುವೆಯ ದಾರಿಯಲ್ಲಿ ನಡೆದು ಬರುತ್ತಿದ್ದವನು ಪೆಟ್ಟುಗಳನ್ನು ಎಣಿಸಿದನು. ಊರಿನ ಶವಪೆಟ್ಟಿಗೆಗಳನ್ನೆಲ್ಲ ಮಾಡುತ್ತಿದ್ದವನು ಅವನೇ. ನೇರವಾಗಿ ಪಾದ್ರಿಯ ಬಳಿಗೆ ಬಂದನು.

"ನನ್ನ ವಯಸ್ಸಿನವರು ಯಾರೋ ಹೋಗಿಬಿಟ್ಟರಲ್ಲ, ಅಯ್ಯನವರೇ. ಅಳತೆ ಹೇಳಿ, ಹಲಗೆ ಕೊಯ್ತೇನೆ."

ಪಾದ್ರಿಗೆ ತಪ್ಪಾಯಿತು ಎನ್ನಲು ನಾಲಿಗೆ ಹೊರಳಲಿಲ್ಲ. ಭಾನುವಾರ ನಿಧಾನವಾಗಿ ತಿಳಿಸೋಣ ಎಂದುಕೊಂಡನು.

"ನಿನ್ನಷ್ಟೇ ಎತ್ತರ" ಎಂದನು.

ಬಡಗಿ ಮನೆಯ ದಾರಿ ಹಿಡಿದನು. ಎದುರು ಬಂದವರು ಮಾತಾಡಿಸದೆ ದಾರಿ ಬಿಟ್ಟು ನಿಂತರು. ಮನೆಯ ಬಾಗಿಲು ಹಾಕಿತ್ತು. ತಟ್ಟಿದನು, ತನ್ನ ಹೆಸರು ಹೇಳಿ ಕೂಗಿದನು. ಒಳಗಿನಿಂದ ಹೆಂಡತಿ ಅಳುತ್ತಾ ಅಂದಳು: "ಗಂಟೆ ಹೊಡೆದು ಆಯ್ತು. ಪಾದ್ರಿಗಳೇ ಸಾರಿದ್ದಾರೆ. ನಮ್ಮನ್ನು ಕಾಡಬೇಡಿ, ಸಮಾಧಾನದಿಂದ ಹೋಗಿ."

ಆ ಗಂಟೆ ಯಾರಿಗೆ ಹೊಡೆದದ್ದೆಂದು ಬಡಗಿಗೆ ಆಗ ತಿಳಿಯಿತು. ಅವನು ವಾದಿಸಲಿಲ್ಲ. ಪಾಪ, ಆ ಊರಿನಲ್ಲಿ ಪಾದ್ರಿಯ ಮಾತನ್ನು ಎಲ್ಲರಿಗಿಂತ ಹೆಚ್ಚು ನಂಬುತ್ತಿದ್ದವನು ಅವನೇ. ಹಿತ್ತಲಿನ ಚಪ್ಪರಕ್ಕೆ ಹೋಗಿ ತನ್ನ ಎತ್ತರಕ್ಕೆ ಹಲಗೆ ಕೊಯ್ಯತೊಡಗಿದನು.

ಮೂರು ದಿನ ಅವನು ಅನ್ನ ನೀರು ಕೇಳಲಿಲ್ಲ, ಯಾರೂ ಕೊಡಲಿಲ್ಲ. ಸತ್ತವನಿಗೆ ಯಾರು ಬಡಿಸುತ್ತಾರೆ? ಗರಗಸದ ಸದ್ದು, ಸುತ್ತಿಗೆಯ ಸದ್ದು ಮಾತ್ರ ಊರಿಗೆಲ್ಲ ಕೇಳುತ್ತಿತ್ತು. ಜನ ಕಿಟಕಿ ಮುಚ್ಚಿಕೊಂಡರು. ಪಾದ್ರಿಯೂ ಮುಚ್ಚಿಕೊಂಡನು. ಶನಿವಾರ ಸದ್ದು ನಿಂತಿತು.

ಶಿಷ್ಯನು ತಡೆಯಲಾರದೆ ಕೇಳಿದನು: "ಭಾನುವಾರ ಪಾದ್ರಿ ತನ್ನ ಮಾತನ್ನು ತಿದ್ದಿಕೊಂಡನೇ?"

"ತಿದ್ದಲು ಏನು ಉಳಿದಿತ್ತು, ಮಗು? ಅಷ್ಟರಲ್ಲಿ ಅದು ನಿಜವಾಗಿತ್ತು."